ಮುಪ್ಪಿನ ಗರಡಿಗೆ ಬೇಕಾದ ಸಾಮಾನು

ಹಿಂದೆ ತಂದೆಯ ಅರವತ್ತು ವರ್ಷದ ಶಾಂತಿಗೆ ಮಕ್ಕಳು ಕೊಡುತ್ತಿದ್ದ ಉಡುಗೊರೆಯೆಂದರೆ ಜರಿಯಂಚಿನ ರೇಶಿಮೆ ಪಂಚೆ, ಬೆಳ್ಳಿಯ ಪಂಚಪಾತ್ರೆ, ಅನುಕೂಲವಿದ್ದವರಿಗೆ ಕಾಶೀಯಾತ್ರೆಯ ಖರ್ಚು. ಈಗ ಆ ಪಟ್ಟಿಗೆ ಹೊಸದೊಂದು ವಸ್ತು ಸೇರಿದೆ. ನಾಲ್ಕಾಳು ಹೊತ್ತು ಮಹಡಿಗೆ ಏರಿಸಬೇಕಾದ, ವಿದ್ಯುಚ್ಛಕ್ತಿಯಿಂದ ಓಡುವ, ಆದರೂ ಒಂದಂಗುಲ ಮುಂದೆ ಸಾಗದ ಟ್ರೆಡ್‌ಮಿಲ್ ಎಂಬ ಯಂತ್ರ. “ಅಪ್ಪ, ನೀವಿನ್ನು ಬೀದಿಗೆ ಇಳಿಯಬೇಕಾದ್ದೇ ಇಲ್ಲ. ನಾಯಿಯ ಕಾಟವಿಲ್ಲ, ಆಟೋದ ಕಾಟವಿಲ್ಲ, ಮನೆಯಲ್ಲೇ ನಡೆಯಬಹುದು” ಎಂದು ಮಗ ಹೇಳುತ್ತಾನೆ. ತಂದೆ ಮೊದಲನೆಯ ವಾರ ಉತ್ಸಾಹದಿಂದ ನಡೆಯುತ್ತಾರೆ. ಎರಡನೆಯ ವಾರ ಮಂಡಿ ಹಿಡಿಯುತ್ತದೆ. ಮೂರನೆಯ ತಿಂಗಳ ಹೊತ್ತಿಗೆ ಅದರ ಹಿಡಿಕಂಬಿಯ ಮೇಲೆ ಒಗೆದ ಟವಲು ಒಣಗುತ್ತಿರುತ್ತದೆ. ಇಂಥ ಮನೆಗಳು ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಬೇಕಾದಷ್ಟು ಸಿಗುತ್ತವೆ.

ಯಂತ್ರದ ಮೇಲೆ ತಪ್ಪು ಹೊರಿಸಿ ಫಲವಿಲ್ಲ. ಅಂಗಡಿಗೆ ಹೋದವರು “ಇದ್ದುದರಲ್ಲಿ ಒಳ್ಳೆಯದು ಯಾವುದು?” ಎಂದು ವಿಚಾರಿಸುತ್ತಾರೆಯೇ ಹೊರತು, ಮನೆಯಲ್ಲಿರುವ ಹಿರಿಯರಿಗೆ ಕುಂದಿರುವುದೇನು ಎಂದು ಮೊದಲು ನೋಡಿಕೊಂಡು ಹೋಗುವವರು ಕಡಮೆ. ವೈದ್ಯರಿಗೆ ರೋಗ ಹೇಳದೆ ಔಷಧದ ಬೆಲೆ ಕೇಳಿದಂತೆ ಇದು.

ಕಣ್ಣು ಮಂದವಾದರೆ ಕನ್ನಡಕವುಂಟು, ಹಲ್ಲು ಉದುರಿದರೆ ಕಟ್ಟಿಸಿಕೊಳ್ಳಬಹುದು. ಆದರೆ ತೊಡೆಯ ಸ್ನಾಯು ವರ್ಷದಿಂದ ವರ್ಷಕ್ಕೆ ಕರಗುತ್ತ ಬಂದುದು ಯಾರ ಗಮನಕ್ಕೂ ಬರುವುದಿಲ್ಲ. ಮೂವತ್ತು ದಾಟಿದ ಮೇಲೆ ಮನುಷ್ಯನ ಸ್ನಾಯುವಿನ ಪ್ರಮಾಣ ಹತ್ತು ವರ್ಷಕ್ಕೆ ಸುಮಾರು ಶೇಕಡಾ 3ರಿಂದ 8ರಷ್ಟು ಇಳಿಯುತ್ತದೆಂದೂ, ಅರವತ್ತರ ಅನಂತರ ಈ ಇಳಿತ ಇನ್ನೂ ತ್ವರಿತವಾಗುತ್ತದೆಂದೂ ತಜ್ಞರು ಲೆಕ್ಕ ಹಾಕಿದ್ದಾರೆ. ಇದಕ್ಕೆ ‘ಸಾರ್ಕೋಪೀನಿಯ’ ಎಂಬ ಹೆಸರನ್ನು 1980ರ ದಶಕದ ಕೊನೆಯಲ್ಲಿ ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ ಎಂಬ ವಿದ್ವಾಂಸರು ಇಟ್ಟರು. ಗ್ರೀಕ್ ಮೂಲದ ಈ ಪದಕ್ಕೆ ‘ಮಾಂಸದ ಬಡತನ’ ಎಂದರ್ಥ. ಹೆಸರೇನೋ ಹೊಸದು, ಲಕ್ಷಣಗಳು ಮಾತ್ರ ನಮ್ಮ ಮನೆಗಳಿಗೆ ಬಹು ಹಳೆಯವು. ಮದುವೆಯ ಊಟದಲ್ಲಿ ನೆಲದ ಪಂಕ್ತಿಯನ್ನು ಬಿಟ್ಟು ಮೇಜಿನ ಪಂಕ್ತಿಯನ್ನು ಹುಡುಕುವುದು, ಸೋಫಾದಿಂದ ಏಳುವಾಗ “ಅಮ್ಮಾ” ಎಂದು ನಿಟ್ಟುಸಿರಿಡುವುದು, ಬಸ್ಸಿನ ಮೆಟ್ಟಿಲು ಹತ್ತಲು ಎರಡು ಕೈಗಳನ್ನೂ ನೆಚ್ಚುವುದು, ಕುಳಿತುಕೊಳ್ಳುವಾಗ ಕೊನೆಯ ಅರ್ಧ ಅಡಿ ದೊಪ್ಪನೆ ಬೀಳುವುದು. “ವಯಸ್ಸಾಯಿತು” ಎಂಬ ಒಂದು ಮಾತಿನಲ್ಲಿ ಇವೆಲ್ಲ ಮುಚ್ಚಿಹೋಗುತ್ತವೆ. ಒಂದು ದಿನ ಬಚ್ಚಲಮನೆಯಲ್ಲಿ ಕಾಲು ಜಾರಿ ಸೊಂಟದ ಮೂಳೆ ಮುರಿದಾಗಲೇ ಮನೆಯವರಿಗೆ ಎಚ್ಚರ. ಮೂಳೆ ಕೂಡಿಕೊಂಡೀತು, ಆದರೆ ಒಬ್ಬರೇ ಹಾಲು ತರಲು ಹೋಗುತ್ತಿದ್ದವರು, ದೇವಸ್ಥಾನಕ್ಕೆ ಹೋಗಿಬರುತ್ತಿದ್ದವರು, ಇನ್ನೊಬ್ಬರ ತೋಳನ್ನು ಕಾಯುವಂತಾದರೆ ಹೋದದ್ದು ಸಾಮಾನ್ಯವಾದುದಲ್ಲ.

ಹಾಗಾದರೆ ಕರಗಿದ ಸ್ನಾಯು ಮತ್ತೆ ಬಲಿತೀತೆ? ಈ ಪ್ರಶ್ನೆಗೆ 1990ರಲ್ಲಿ ಅಮೆರಿಕದ ಬಾಸ್ಟನ್ ನಗರದ ಒಂದು ವೃದ್ಧಾಶ್ರಮದಿಂದ ಬಂದ ಉತ್ತರ ವೈದ್ಯಪ್ರಪಂಚವನ್ನೇ ಚಕಿತಗೊಳಿಸಿತು. ಮರಿಯಾ ಫಿಯಾಟರೋನ್ ಎಂಬ ವೈದ್ಯೆಯೂ ಅವರ ಸಂಗಡಿಗರೂ 86ರಿಂದ 96 ವರ್ಷ ವಯಸ್ಸಿನ ಹತ್ತು ಮಂದಿ ಬಲಹೀನ ವೃದ್ಧರನ್ನು ಆರಿಸಿ, ಎಂಟು ವಾರಗಳ ಕಾಲ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಅದು ಹೆಸರಿಗೆ ಮಾತ್ರ ಹಗುರವಾಗಿ ಕಾಲಾಡಿಸುವ ವ್ಯಾಯಾಮವಾಗಿರಲಿಲ್ಲ, ಅವರವರ ಶಕ್ತಿಗೆ ಸಾಕಷ್ಟು ಭಾರವಾದುದೇ ಆಗಿತ್ತು. ಒಂಬತ್ತು ಮಂದಿ ಕೊನೆಯವರೆಗೆ ಮುಂದುವರಿಸಿದರು. ಅವರ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ಇಬ್ಬರು ಊರುಗೋಲನ್ನೇ ಬಿಟ್ಟರು. ಅಭ್ಯಾಸವನ್ನು ನಾಲ್ಕು ವಾರ ನಿಲ್ಲಿಸಿದಾಗ ಗಳಿಸಿದ ಶಕ್ತಿ ಬೇಗನೆ ಇಳಿಯತೊಡಗಿತೆಂಬುದೂ ಅದೇ ವರದಿಯಲ್ಲಿದೆ. ತೊಂಬತ್ತರಲ್ಲಿ ಆದದ್ದು ಅರವತ್ತೈದರಲ್ಲಿ ಏಕಾಗಬಾರದು?

ನಡೆಯುವುದು ವ್ಯರ್ಥವೆಂದು ಇದರ ಅರ್ಥವಲ್ಲ. ಹೃದಯಕ್ಕೆ ನಡಿಗೆಯಂಥ ಮಿತ್ರ ಬೇರೆ ಇಲ್ಲ. 1953ರಲ್ಲಿ ಲಂಡನ್ನಿನ ವೈದ್ಯ ಜೆರಿ ಮಾರಿಸ್ ಪ್ರಕಟಿಸಿದ ಸಂಶೋಧನೆ ಇಂದಿಗೂ ಪ್ರಸಿದ್ಧ. ಅಲ್ಲಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತೇ ಇರುವ ಚಾಲಕರಿಗಿಂತ, ಟಿಕೆಟ್ಟು ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ನಿರ್ವಾಹಕರಲ್ಲಿ ಹೃದ್ರೋಗ ಕಡಮೆಯಾಗಿತ್ತು. ವ್ಯಾಯಾಮವನ್ನೇ ಮುಂದೆ ತಮ್ಮ ಜೀವನದ ವಿಷಯವಾಗಿ ಮಾಡಿಕೊಂಡ ಮಾರಿಸರು ತೊಂಬತ್ತೊಂಬತ್ತು ವರ್ಷ ಬಾಳಿ 2009ರಲ್ಲಿ ತೀರಿಕೊಂಡರು. ಆದರೆ ಹೃದಯಕ್ಕೆ ಬೇಕಾದುದು ಒಂದು, ತೊಡೆಗೆ ಬೇಕಾದುದು ಇನ್ನೊಂದು, ಬೀಳದಂತೆ ನಿಲ್ಲುವ ಸಮತೋಲಕ್ಕೆ ಬೇಕಾದುದು ಮತ್ತೊಂದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸಲಹೆಯಲ್ಲಿಯೂ, 65 ಮೀರಿದವರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ, ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ಅಭ್ಯಾಸ, ಮೂರು ದಿನವಾದರೂ ಸಮತೋಲದ ಅಭ್ಯಾಸ ಎಂದು ಮೂರನ್ನೂ ಹೇಳಿದೆ. ನಮ್ಮ ಮನೆಗಳಲ್ಲಿ ಮೊದಲನೆಯದಕ್ಕೆ ಮಾತ್ರ ಸಾವಿರಾರು ರೂಪಾಯಿ ಸುರಿದು ಉಳಿದೆರಡನ್ನು ಮರೆಯುವುದೇ ರೂಢಿಯಾಗಿದೆ.

ಆದುದರಿಂದ ಅಂಗಡಿಗೆ ಹೊರಡುವ ಮೊದಲು ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಿಕೊಳ್ಳತಕ್ಕದ್ದು. ಹದಿನೇಳು ಅಂಗುಲ ಎತ್ತರದ, ಕೈಯಿಲ್ಲದ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಡಬೇಕು. ಹಿರಿಯರು ಅದರ ಮೇಲೆ ಕುಳಿತು, ಎರಡು ಕೈಗಳನ್ನೂ ಎದೆಯ ಮೇಲೆ ಅಡ್ಡಲಾಗಿ ಕಟ್ಟಿಕೊಂಡು, ಮೂವತ್ತು ಸೆಕೆಂಡುಗಳಲ್ಲಿ ಎಷ್ಟು ಸಲ ಪೂರ್ತಿಯಾಗಿ ಎದ್ದು ಕುಳಿತುಕೊಳ್ಳಬಲ್ಲರೆಂದು ಇನ್ನೊಬ್ಬರು ಪಕ್ಕದಲ್ಲಿ ನಿಂತು ಎಣಿಸಬೇಕು. ಎಪ್ಪತ್ತರಿಂದ ಎಪ್ಪತ್ತನಾಲ್ಕರ ಗಂಡಸರು 12ಕ್ಕಿಂತ, ಹೆಂಗಸರು 10ಕ್ಕಿಂತ ಕಡಮೆ ಎದ್ದರೆ ಬೀಳುವ ಭಯ ಹೆಚ್ಚೆಂದು ತಿಳಿಯಬೇಕು. ಎಂಬತ್ತರಿಂದ ಎಂಬತ್ತನಾಲ್ಕರವರಿಗೆ ಈ ಸಂಖ್ಯೆ ಕ್ರಮವಾಗಿ 10 ಮತ್ತು 9. ಕೈಯೂರದೆ ಏಳಲಾರದವರ ಎಣಿಕೆ ಸೊನ್ನೆ. ಅಂಥವರಿಗೆ ಟ್ರೆಡ್‌ಮಿಲ್ ತಂದುಕೊಡುವುದು ಈಜು ಬಾರದವನಿಗೆ ದೋಣಿಯ ಹುಟ್ಟು ಕೊಟ್ಟಂತೆ. ಅವರಿಗೆ ಮೊದಲ ಉಪಕರಣ ಆ ಕುರ್ಚಿಯೇ. ಮೊದಲು ಕೈಯೂರಿ, ಆಮೇಲೆ ಒಂದು ಕೈಯೂರಿ, ಕೊನೆಗೆ ಕೈಬಿಟ್ಟು, ದಿನಕ್ಕೆ ಎರಡು ಹೊತ್ತು ಎದ್ದು ಕುಳಿತರೆ ಕೆಲವು ವಾರಗಳಲ್ಲಿ ಕಾಲು ತಾನೇ ಸಾಕ್ಷಿ ಹೇಳುತ್ತದೆ. ಕುರ್ಚಿಗೆ ಗಾಲಿ ಇರಕೂಡದು, ಪ್ಲಾಸ್ಟಿಕ್ಕಿನದೂ ಕೂಡದು.

ಅಲ್ಪ ಬೆಲೆಯ ಸಾಧನಗಳ ಮಹಿಮೆಗೆ ನ್ಯೂಜೀಲೆಂಡಿನ ನಿದರ್ಶನವೊಂದಿದೆ. ಅಲ್ಲಿನ ಒಟಾಗೋ ವಿಶ್ವವಿದ್ಯಾನಿಲಯದವರು 1990ರ ದಶಕದಲ್ಲಿ ಎಂಬತ್ತು ದಾಟಿದ ಸ್ತ್ರೀಯರಿಗಾಗಿ ಮನೆಯಲ್ಲಿಯೇ ಮಾಡುವ ಅಭ್ಯಾಸಕ್ರಮವೊಂದನ್ನು ರೂಪಿಸಿದರು. ಅದಕ್ಕೆ ಬೇಕಾದುದು ಕಾಲಿನ ಹರಡಿಗೆ ಸುತ್ತಿಕೊಳ್ಳುವ ಭಾರದ ಪಟ್ಟಿಗಳು, ಹಿಡಿದುಕೊಳ್ಳಲು ಗಟ್ಟಿಯಾದ ಒಂದು ಆಸರೆ, ಜೊತೆಗೆ ನಡಿಗೆ. ಇಷ್ಟರಿಂದಲೇ ಬೀಳುವ ಪ್ರಸಂಗಗಳು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಮೆಯಾದುವು. ನಮ್ಮಲ್ಲಿಯೂ ಇಂಥ ಪಟ್ಟಿಗಳು ದೊರೆಯುತ್ತವೆ. ಅರ್ಧ ಕಿಲೋದಿಂದ ಆರಂಭಿಸಿ, ತೂಕ ಹೆಚ್ಚಿಸಲು ಬರುವಂಥದನ್ನು ಆರಿಸುವುದು ಲೇಸು. ಒಂದೇ ತೂಕದಲ್ಲಿ ವರ್ಷವಿಡೀ ಕಾಲಾಡಿಸಿದರೆ ಅದು ಕಾಲಹರಣವೇ.

ರಬ್ಬರಿನ ಪಟ್ಟಿಗಳು ಇನ್ನೂ ಅಗ್ಗ, ಮಡಿಸಿ ಡಬ್ಬಿಯಲ್ಲಿ ಇಡಬಹುದು. ಇವುಗಳ ಬಿಗಿಯನ್ನು ಬಣ್ಣದಿಂದ ಗುರುತಿಸುತ್ತಾರೆ. ಹೆಸರಾದ ಒಂದು ತಯಾರಿಕೆಯಲ್ಲಿ ಹಳದಿ, ಕೆಂಪು, ಹಸುರು, ನೀಲಿ, ಕಪ್ಪು ಎಂಬ ಕ್ರಮದಲ್ಲಿ ಬಿಗಿ ಏರುತ್ತದೆ. ಆದರೆ ಎಲ್ಲ ತಯಾರಕರೂ ಈ ಕ್ರಮವನ್ನು ಅನುಸರಿಸುವುದಿಲ್ಲವಾದ್ದರಿಂದ ಬಣ್ಣವನ್ನು ನಂಬದೆ ಎಳೆದು ನೋಡಿಯೇ ಕೊಳ್ಳಬೇಕು. ಸಣ್ಣ ಬಿರುಕು ಕಂಡೊಡನೆ ಎಸೆಯುವುದು ಒಳಿತು, ಹರಿದ ರಬ್ಬರು ಕಣ್ಣಿಗೇ ಹೊಡೆದೀತು. ಕೈಬಲಕ್ಕೆ ಡಂಬೆಲ್ಲುಗಳಿವೆ. ನಾದವಿಲ್ಲದ ಗಂಟೆ ಎಂಬುದೇ ಆ ಇಂಗ್ಲಿಷ್ ಶಬ್ದದ ಅರ್ಥ. 1711ರಲ್ಲಿ ಪ್ರಬಂಧಕಾರ ಆಡಿಸನ್ ಇದರ ಮಾತೆತ್ತಿದ್ದಾನೆ. ಸಂಧಿವಾತದ ಬೆರಳಿನವರು ನುಣುಪಾದ ಕಬ್ಬಿಣಕ್ಕಿಂತ ರಬ್ಬರು ಹೊದಿಸಿದುದನ್ನು ಹಿಡಿದುಕೊಳ್ಳುವುದು ಸುಲಭ.

ಇನ್ನು ದೊಡ್ಡ ಯಂತ್ರಗಳು. ಮಂಡಿನೋವಿನವರಿಗೆ ನಿಂತಲ್ಲೇ ತುಳಿಯುವ ಸೈಕಲ್ಲು ಟ್ರೆಡ್‌ಮಿಲ್ಲಿಗಿಂತ ಅನುಕೂಲ, ಏಕೆಂದರೆ ಮೈಭಾರವನ್ನು ಆಸನ ಹೊರುತ್ತದೆ. ಅದರಲ್ಲಿಯೂ ಆಯಸ್ಕಾಂತದಿಂದ ಬಿಗಿ ಹೊಂದಿಸುವ ಮಾದರಿ ಸದ್ದಿಲ್ಲದ್ದು. ಅನೇಕ ಮಾದರಿಗಳಿಗೆ ವಿದ್ಯುತ್ತಿನ ಹಂಗಿಲ್ಲ, ಅಂಕೆ ತೋರಿಸುವ ಪಟಕ್ಕೆ ಸಣ್ಣ ಬ್ಯಾಟರಿ ಸಾಕು. ಕೊಳ್ಳುವ ಮುನ್ನ ಆಸನವನ್ನು ಎತ್ತರಿಸಿ ನೋಡಬೇಕು. ಪೆಡಲು ಕೆಳಗಿರುವಾಗ ಮಂಡಿ ತುಸು ಮಾತ್ರ ಬಾಗಿರಬೇಕು, ಆಸನ ತಗ್ಗಾದರೆ ಮಂಡಿಗೆ ಪೆಟ್ಟು. ಕಾಲನ್ನು ಎತ್ತಿ ದಾಟಿಸಲಾರದವರಿಗೆ ನಡುವೆ ತಗ್ಗಿರುವ ಚೌಕಟ್ಟಿನದು ಬೇಕು. ಬೆನ್ನುನೋವಿನವರಿಗೆ ಒರಗಿ ಕುಳಿತು ತುಳಿಯುವಂಥದು ಹಿತ, ಅದಕ್ಕೆ ಸ್ಥಳ ಮಾತ್ರ ಹೆಚ್ಚು. ಸೀರೆಯುಡುವವರ ಮನೆಗೆ ಗಾಲಿಯೂ ಸರಪಣಿಯೂ ಪೂರ್ತಿ ಮುಚ್ಚಿರುವ ಸೈಕಲ್ಲೇ ಆಗಬೇಕು. ಆದರೂ ಕುಳಿತು ತುಳಿಯುವುದರಿಂದ ಸಮತೋಲ ಕಲಿತಂತಾಗುವುದಿಲ್ಲ, ಮೂಳೆಗೆ ಬೇಕಾದ ಭಾರವೂ ಬೀಳುವುದಿಲ್ಲ. ಕುರ್ಚಿಯ ಮುಂದಿಟ್ಟು ತುಳಿಯುವ ಪುಟ್ಟ ಪೆಡಲು ಯಂತ್ರ ಅತಿ ದುರ್ಬಲರಿಗೆ ಉಪಕಾರಿಯೇನೋ ಹೌದು. ನುಣುಪಾದ ನೆಲದ ಮೇಲೆ ಅದು ಜಾರಿ ಓಡುತ್ತದೆ, ಕೆಳಗೊಂದು ರಬ್ಬರ್ ಹಾಸು ಬೇಕು.

ಟ್ರೆಡ್‌ಮಿಲ್ಲಿನ ವಂಶಚರಿತ್ರೆ ಅಷ್ಟೇನೂ ಗೌರವದ್ದಲ್ಲ. 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಗ್ಲಿಷ್ ಎಂಜಿನಿಯರು ಸೆರೆಮನೆಯ ಕೈದಿಗಳಿಗೆಂದು ಮೆಟ್ಟಿಲುಗಳುಳ್ಳ ಮಹಾಚಕ್ರವೊಂದನ್ನು ಕಲ್ಪಿಸಿದ. ಆ ಶತಮಾನ ಮುಗಿಯುವವರೆಗೂ ಕೈದಿಗಳು ಅದನ್ನು ಗಂಟೆಗಟ್ಟಲೆ ತುಳಿದರು. ಈಗ ಹಣ ಕೊಟ್ಟು ತುಳಿಯುವವರು, ಮಳೆಗಾಲದಲ್ಲಿ ಅದರ ಉಪಯೋಗ ನಿಜವಾಗಿಯೂ ಇದೆ, ಕೆಲವು ಅಂಶಗಳನ್ನು ಗಮನಿಸಬೇಕು. ಪಟ್ಟಿ ಗಂಟೆಗೆ ಒಂದು ಕಿಲೋಮೀಟರಿಗೂ ಕಡಮೆ ವೇಗದಲ್ಲಿ ಹೊರಡುವಂತಿರಬೇಕು. ಇಕ್ಕೆಲದ ಹಿಡಿಕಂಬಿಗಳು ಕುಳ್ಳಾಗಿರದೆ, ನಡೆಯುವವರ ಪಕ್ಕದವರೆಗೂ ಚಾಚಿರಬೇಕು. ಎಡವಿದೊಡನೆ ಯಂತ್ರ ನಿಲ್ಲಿಸುವ ದಾರದ ಕೊಕ್ಕೆಯನ್ನು ಅಂಗಿಗೆ ಸಿಕ್ಕಿಸದೆ ಹತ್ತಕೂಡದು. ಹಿಂದುಗಡೆ ಆರಡಿಯಷ್ಟು ತೆರವು ಬೇಕು. ಗೋಡೆಗೆ ಬೆನ್ನು ಮಾಡಿ ಇಟ್ಟ ಯಂತ್ರ ಬಿದ್ದವರನ್ನು ಗೋಡೆಗೂ ಪಟ್ಟಿಗೂ ನಡುವೆ ಸಿಕ್ಕಿಸುತ್ತದೆ. ವಿದ್ಯುತ್ತು ಹೋದರೆ ಪಟ್ಟಿ ನಿಲ್ಲುತ್ತದೆ, ಮನೆಯ ಸಾಮಾನ್ಯ ಇನ್ವರ್ಟರ್ ಅದರ ಭಾರ ಹೊರುವಂಥದಲ್ಲ. ಮೊಮ್ಮಕ್ಕಳಿರುವ ಮನೆಯಲ್ಲಿ ಬೀಗದಕೈ ತೆಗೆದು ಎತ್ತರದಲ್ಲಿ ಇಡಲೇಬೇಕು. ಒಂದು ಮಗುವಿನ ಸಾವು ಮತ್ತು ಹಲವು ಅಪಘಾತಗಳ ಬಳಿಕ 2021ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಸುಮಾರು 1,25,000 ಟ್ರೆಡ್‌ಮಿಲ್ಲುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು.

ಕುಳಿತಲ್ಲೇ ಮೈ ಅಲ್ಲಾಡಿಸಿ ಆರೋಗ್ಯ ಕೊಡುವೆನೆನ್ನುವ ಯಂತ್ರಗಳ ಮಾತು ಬೇರೆ. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ವ್ಯಾಯಾಮಶಾಲೆಯಲ್ಲಿ ವಿದ್ಯುತ್ತಿನಿಂದ ಕುಲುಕುವ ಒಂಟೆಯೊಂದಿತ್ತು. ಸೊಂಟಕ್ಕೆ ಬಿಗಿದು ನಡುಗಿಸುವ ಬೆಲ್ಟುಗಳೂ, ಪಾದ ಉಜ್ಜುವ ಪೆಟ್ಟಿಗೆಗಳೂ ಅದರ ಮೊಮ್ಮಕ್ಕಳೇ. ಪಾದಕ್ಕೆ ಹಿತವೆನಿಸಬಹುದು, ಆದರೆ ಯಂತ್ರ ದುಡಿದರೆ ಬಲಿಯುವುದು ಯಂತ್ರದ ತಯಾರಕನೇ ಹೊರತು ತೊಡೆಯಲ್ಲ.

ನಮ್ಮ ನಾಡಿಗೆ ವ್ಯಾಯಾಮದ ಸಾಮಾನು ಹೊಸದೇನೂ ಅಲ್ಲ. ಗರಡಿಮನೆಯ ಮುದ್ಗರ, ಗದೆಗಳಿರಲಿ. ‘ಶಾಂತಲಾ’ ಕಾದಂಬರಿಯ ಕರ್ತೃವೆಂದು ಕನ್ನಡಿಗರು ಬಲ್ಲ ಕೆ. ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಹೊರನಾಡುಗಳಲ್ಲಿಯೂ ಹೆಸರಾದವರು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ಯರು ಕುರ್ಚಿ, ಹಗ್ಗ, ಇಟ್ಟಿಗೆಯಾಕಾರದ ಮರದ ತುಂಡು, ಪಟ್ಟಿ ಇವುಗಳ ನೆರವಿನಿಂದ ಮೈ ಬಾಗದವರಿಗೂ ಆಸನಗಳನ್ನು ಸಾಧ್ಯಮಾಡಿಕೊಟ್ಟರು. ಮರದ ಆ ತುಂಡಿನ ಬೆಲೆ ಟ್ರೆಡ್‌ಮಿಲ್ಲಿನ ಒಂದು ತಿಂಗಳ ಕಂತಿಗೂ ಸಮನಾಗದು.

ಒಂದು ಅನ್ಯಾಯವನ್ನು ಇಲ್ಲಿ ಹೇಳಲೇಬೇಕು. ಈ ಸಾಮಾನೆಲ್ಲ ಬರುವುದು ಸಾಮಾನ್ಯವಾಗಿ ತಂದೆಯ ಹೆಸರಿನಲ್ಲಿ. “ಅಮ್ಮನಿಗೇಕೆ? ದಿನವೆಲ್ಲ ಮನೆಗೆಲಸವೇ ವ್ಯಾಯಾಮವಲ್ಲವೆ?” ಎನ್ನುತ್ತಾರೆ. ಮನೆಗೆಲಸದಿಂದ ದಣಿವು ಬರುತ್ತದೆ, ನಿಜ. ಆದರೆ ಒಲೆಯ ಮುಂದೆ ಮೂರು ಗಂಟೆ ನಿಂತ ಮಾತ್ರಕ್ಕೆ ತೊಡೆ ಬಲಿಯುವುದಿಲ್ಲ. ಮುಟ್ಟು ನಿಂತ ಅನಂತರದ ವರ್ಷಗಳಲ್ಲಿ ಸ್ತ್ರೀಯರ ಮೂಳೆಯ ಸಾರ ವೇಗವಾಗಿ ಇಳಿಯುತ್ತದೆ. ಬಿದ್ದರೆ ಮುರಿಯುವ ಸಂಭವ ಹೆಚ್ಚಾಗಿರುವುದು ತಾಯಿಗೇ. ಭಾರದ ಪಟ್ಟಿಗಳ ಎರಡನೆಯ ಜೋಡಿ ಕೊಂಡರೆ ಮನೆ ಮುಳುಗುವುದಿಲ್ಲ. ಅದನ್ನು ಕಟ್ಟಿಕೊಳ್ಳಲು ಆಕೆಗೆ ಅರ್ಧ ಗಂಟೆ ಬಿಡುವು ಮಾಡಿಕೊಡುವುದು ಪಟ್ಟಿಗಿಂತ ದುರ್ಲಭವಾದ ಉಡುಗೊರೆ.

ಹೃದ್ರೋಗ, ಏರಿದ ರಕ್ತದ ಒತ್ತಡ, ಸಕ್ಕರೆ ಕಾಯಿಲೆ, ಸವೆದ ಮೂಳೆ ಇವುಗಳಲ್ಲಿ ಯಾವುದಿದ್ದರೂ ವೈದ್ಯರನ್ನು ಕೇಳಿಯೇ ಪ್ರಾರಂಭಿಸಬೇಕು. ಭಾರ ಎತ್ತುವಾಗ ಉಸಿರು ಬಿಗಿಹಿಡಿದರೆ ರಕ್ತದ ಒತ್ತಡ ಥಟ್ಟನೆ ಏರುತ್ತದೆ. ಎತ್ತುವಾಗ ಉಸಿರು ಹೊರಬಿಡುವುದು ಸರಿಯಾದ ಕ್ರಮ. ನಡೆಯುವಾಗಲೋ ತುಳಿಯುವಾಗಲೋ ಮಾತನಾಡಲು ಸಾಧ್ಯವಾಗಿ, ಹಾಡಲು ಸಾಧ್ಯವಾಗದಷ್ಟು ಏದುಸಿರಿದ್ದರೆ ಶ್ರಮ ತಕ್ಕಷ್ಟಿದೆ. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಬೇಕು.

ಉಪಕರಣವನ್ನು ಎಲ್ಲಿ ಇಡಬೇಕೆಂಬುದೂ ಅದನ್ನು ಆರಿಸುವಷ್ಟೇ ಮುಖ್ಯವಾದ ವಿಚಾರ. ಮಹಡಿಯ ಮೂಲೆಯ ಕೋಣೆಗೆ ಹೋದ ಸೈಕಲ್ಲನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ನಡುಮನೆಯಲ್ಲಿ, ಕಿಟಕಿಯ ಪಕ್ಕದಲ್ಲಿ, ಬೆಳಗಿನ ವಾರ್ತೆ ಕೇಳಿಸುವಷ್ಟು ಹತ್ತಿರದಲ್ಲಿ ಅದು ಇರಲಿ. ಬಂದ ನೆಂಟರು ಕುಳಿತುಕೊಳ್ಳಲು ಒಂದು ಕುರ್ಚಿ ಕಡಮೆಯಾದರೆ ಆಗಲಿ.