ಹೊಲದ ಗುಡಾರಕ್ಕೆ ನೆಲವಿಲ್ಲ, ಮಲಗುವವರಿಗೆ ಹೊರಸಿರಲಿ



ಮೆಕ್ಕೆಜೋಳ ತೆನೆ ಕಟ್ಟಿತೆಂದರೆ ಹಂದಿಯ ಕಾವಲು, ಭತ್ತ ಕಣಕ್ಕೆ ಬಂತೆಂದರೆ ರಾಶಿಯ ಕಾವಲು. ಹರಿಹರದ ಮಗ್ಗುಲಿನ ಗುತ್ತೂರಿರಲಿ, ಜಗಳೂರಿನ ಒಣಭೂಮಿಯಿರಲಿ, ಹೊಲದಲ್ಲಿ ರಾತ್ರಿ ಕಳೆಯುವುದು ನಮ್ಮ ಜಿಲ್ಲೆಯ ರೈತನಿಗೆ ಹೊಸತಲ್ಲ. ಕೊಯ್ಲಾದ ಗದ್ದೆಯಲ್ಲಿ ಮಂದೆ ನಿಲ್ಲಿಸುವ ಕುರಿಗಾರರಿಗಂತೂ ತಿಂಗಳುಗಟ್ಟಲೆ ಬಯಲೇ ಮನೆ. ಇವರಿಗೆಲ್ಲ ಆಸರೆ ನಾಲ್ಕು ಗಳ, ಒಂದು ತಾಡಪಾಲು. ಮೇಲೆ ಮುಚ್ಚಿಗೆ ಉಂಟು, ಕೆಳಗೆ ಬರೀ ಮಣ್ಣು.

ನೆಲಹಾಸಿಲ್ಲದ ಇಂಥ ಗುಡಾರ ಬೇರೆ ದೇಶಗಳಲ್ಲಿಯೂ ಉಂಟು. ಉತ್ತರ ಅಮೆರಿಕದ ಬಯಲುಸೀಮೆಯ ಮೂಲನಿವಾಸಿಗಳು ಗಳಗಳ ತುದಿಗಳನ್ನು ಒಟ್ಟಿಗೆ ಕಟ್ಟಿ, ಕಾಡೆಮ್ಮೆಯ ಚರ್ಮ ಹೊದಿಸಿ, ಹೊಗೆ ಹೋಗಲು ನೆತ್ತಿಯಲ್ಲಿ ಕಿಂಡಿ ಬಿಟ್ಟು 'ಟೀಪಿ' ಎಂಬ ಗುಡಾರ ಹೂಡುತ್ತಿದ್ದರು. ಈಗ ಅಲ್ಲಿನ ಬೇಟೆಗಾರರು ಬಟ್ಟೆಯ ಟೀಪಿಗಳನ್ನು ಹೊತ್ತೊಯ್ಯುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಬೇಟೆ ಅಪರಾಧ. ಆದರೆ ಕಾವಲಿಗೆ ಈ ಮಾದರಿ ಬಹಳ ಅನುಕೂಲ: ಹಗುರ, ಅಗ್ಗ, ಕೆಸರುಗಾಲಿನಲ್ಲಿಯೇ ಒಳಗೆ ಬರಬಹುದು.

ಹೂಡುವ ಕ್ರಮ

10 ಅಡಿ ಉದ್ದದ ಮೂರು ಬಿದಿರು ಗಳಗಳನ್ನು ತುದಿಯಿಂದ ಒಂದು ಅಡಿ ಕೆಳಗೆ ಹಗ್ಗದಿಂದ ಬಿಗಿಯಿರಿ. ಬುಡಗಳ ನಡುವೆ 8 ಅಡಿ ಅಂತರವಿರುವಂತೆ ಅಗಲಿಸಿ ನಿಲ್ಲಿಸಿರಿ. 18 ಅಡಿ ಉದ್ದ, 12 ಅಡಿ ಅಗಲದ ತಾಡಪಾಲಿನ ಉದ್ದಬದಿಯ ನಡುಭಾಗವನ್ನು ಗಂಟಿನ ಬಳಿ ಕಟ್ಟಿ, ಎರಡೂ ಅಂಚುಗಳನ್ನು ಸುತ್ತಿ ಮುಂದಕ್ಕೆ ತನ್ನಿರಿ. ಅಂಚುಗಳು ಕೂಡುವಲ್ಲಿ ಬಾಗಿಲು. ಗಳಗಳ ನಡುನಡುವೆಯೂ ಗೂಟ ಹೊಡೆದು ತಾಡಪಾಲನ್ನು ಹೊರಕ್ಕೆ ಎಳೆದು ಕಟ್ಟಿದರೆ ಒಳಗೆ ಒಂದು ಹೊರಸು ಹಿಡಿಸುತ್ತದೆ. ನೆಲಕ್ಕೆ ಬಿದ್ದ ಹೆಚ್ಚಿನ ಭಾಗವನ್ನು ಹೊರಮಗ್ಗುಲಿಗೆ ಮಡಿಚಿ ಮಣ್ಣು ಹೇರಿರಿ.

ಮುಂಗಾರಿನ ಗಾಳಿ ಪಡುವಣ, ನೈಋತ್ಯ ದಿಕ್ಕಿನಿಂದ ಬೀಸುವುದರಿಂದ ಬಾಗಿಲು ಮೂಡಣಕ್ಕಿರಲಿ. ಸ್ಥಳ ತುಸು ಎತ್ತರವಾಗಿರಲಿ. ಸುತ್ತ ನಾಲ್ಕು ಬೆರಳು ಆಳದ ಕಾಲುವೆ ತೆಗೆದು ಇಳಿಜಾರಿಗೆ ನೀರು ಬಿಡಿರಿ. ಹಳ್ಳದ ಪಾತ್ರದಲ್ಲಿ, ಹೊಳೆಯ ದಂಡೆಯಲ್ಲಿ, ಒಂಟಿ ಮರದ ಕೆಳಗೆ ಗುಡಾರ ಹೂಡಲೇಕೂಡದು. ಗುಡುಗು ಕೇಳಿದೊಡನೆ ಪಕ್ಕಾ ಕಟ್ಟಡ ಸೇರಿರಿ. ಸಿಡಿಲಿಗೆ ತಾಡಪಾಲು ಅಡ್ಡಬಾರದು.

ನೆಲದ ಅಪಾಯ

ನೆಲಹಾಸಿಲ್ಲದ ಅನುಕೂಲಕ್ಕೆ ತೆರಬೇಕಾದ ಬೆಲೆಯೂ ಉಂಟು. ಅದು ಹಾವಿನ ಭಯ. 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹಾವು ಕಚ್ಚಿ ಸುಮಾರು 12 ಲಕ್ಷ ಜನ ಸತ್ತಿದ್ದಾರೆಂದು ಅಂದಾಜು. ಬಹುಪಾಲು ಹಳ್ಳಿಯವರೇ. ಕರ್ನಾಟಕ ಸರ್ಕಾರ 2024ರಲ್ಲಿ ಪ್ರತಿಯೊಂದು ಹಾವುಕಡಿತವನ್ನೂ ಆಸ್ಪತ್ರೆಗಳು ವರದಿ ಮಾಡತಕ್ಕದ್ದೆಂದು ಗೊತ್ತುಪಡಿಸಿತು.

ನಾಗರ, ಕೊಳಕುಮಂಡಲಗಳು ಕಚ್ಚಿದ್ದು ಸಾಮಾನ್ಯವಾಗಿ ಒಡನೆ ತಿಳಿಯುತ್ತದೆ. ಕಟ್ಟುಹಾವಿನ ರೀತಿ ಬೇರೆ. ಅದು ರಾತ್ರಿ ತಿರುಗುವ ಹಾವು. ನೆಲದ ಮೇಲೆ ಮಲಗಿದವರ ಮಗ್ಗುಲಿಗೂ ಬರುತ್ತದೆ. ಕಚ್ಚಿದರೆ ನೋವು, ಊತ ಅಷ್ಟಾಗಿ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ಕಣ್ಣುರೆಪ್ಪೆ ಜೋಲುವುದು, ಮಾತು ತೊದಲುವುದು, ಕೊನೆಗೆ ಉಸಿರಾಟವೇ ನಿಲ್ಲುವುದು. ಹೊಲದಲ್ಲಿ ಮಲಗಿದ್ದವನಿಗೆ ಹೀಗಾದರೆ ಅಜೀರ್ಣವೆಂದು ಕಷಾಯ ಕುಡಿಸುತ್ತ ಕೂಡಬೇಡಿರಿ.

ಅನುಸರಿಸಬೇಕಾದ ಕ್ರಮಗಳು

1. ನೆಲದ ಮೇಲೆ ಮಲಗಬೇಡಿರಿ. ಹೊರಸು ಹಾಕಿ, ಸೊಳ್ಳೆ ಪರದೆ ಕಟ್ಟಿ, ಅದರ ಅಂಚನ್ನು ಸುತ್ತಲೂ ಹಾಸಿಗೆಯ ಕೆಳಗೆ ಸೇರಿಸಿರಿ. ಸೊಳ್ಳೆ, ಚೇಳು, ಹಾವು ಮೂರಕ್ಕೂ ಅದೇ ತಡೆ.

2. ಕಾಳಿನ ಚೀಲ, ಹುಲ್ಲು, ಸೌದೆಗಳನ್ನು ಗುಡಾರದಿಂದ ದೂರವಿಡಿರಿ. ಕಾಳಿಗೆ ಇಲಿ, ಇಲಿಗೆ ಹಾವು ಬರುತ್ತದೆ.

3. ರಾತ್ರಿ ಎದ್ದರೆ ಬ್ಯಾಟರಿ ಬಿಟ್ಟು ನೋಡಿ ಕಾಲಿಡಿರಿ. ಮೆಟ್ಟು ಕೊಡವಿ ಮೆಟ್ಟಿರಿ.

4. ಬಾಗಿಲು ಮುಚ್ಚಿ ಒಳಗೆ ಕೆಂಡವಿಟ್ಟು ಮಲಗಕೂಡದು. ಅದರಿಂದೇಳುವ ವಿಷಾನಿಲಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಹಾವು ಕಚ್ಚಿದರೆ

ಗಾಯ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಬೇಡ. ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಕಡ್ಡಿಯಿಟ್ಟು ಸಡಿಲವಾಗಿ ಕಟ್ಟಿ, ರೋಗಿಯನ್ನು ನಡೆಸದೆ 108ಕ್ಕೆ ಫೋನು ಮಾಡಿರಿ. ಮಂತ್ರ, ನಾಟಿ ಔಷಧಿಗಳಿಗಾಗಿ ಹೊತ್ತು ಕಳೆಯಬಾರದು. ಹರಿಹರದ ತಾಲ್ಲೂಕು ಆಸ್ಪತ್ರೆ, ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ ಈ ಭಾಗದವರಿಗೆ ಹತ್ತಿರ. ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾವಿನ ವಿಷಕ್ಕೆ ಚುಚ್ಚುಮದ್ದು ಇದೆಯೇ ಎಂದು ಕಾವಲಿಗೆ ಹೋಗುವ ಮೊದಲೇ ವಿಚಾರಿಸಿಕೊಳ್ಳಿರಿ.

ಕುರಿಗಾರರು ನಿಮ್ಮ ಗದ್ದೆಗೆ ಮಂದೆ ತಂದಾಗ ಗೊಬ್ಬರದ ಲೆಕ್ಕದ ಜೊತೆಗೆ, ಅವರ ಮಕ್ಕಳು ಎಲ್ಲಿ ಮಲಗುತ್ತಾರೆಂದೂ ಕೇಳಿರಿ. ಮನೆಯಲ್ಲಿ ಸುಮ್ಮನೆ ಬಿದ್ದ ಹೊರಸೊಂದನ್ನು ಮಂದೆ ಇರುವಷ್ಟು ದಿನ ಕೊಟ್ಟರೆ ನಿಮಗೆ ನಷ್ಟವೇನೂ ಇಲ್ಲ. ಬೆಳೆ ಹಂದಿಗೆ ಹೋದರೆ ಮುಂದಿನ ಹಂಗಾಮಿನಲ್ಲಿ ಬೆಳೆದುಕೊಳ್ಳಬಹುದು. ಕಾಯಲು ಹೋದ ಮಗನನ್ನು ಯಾವ ಹಂಗಾಮೂ ತಂದುಕೊಡಲಾರದು.