ಎ ಜೀವಸತ್ವ: ಇನ್ನೊಂದು ಚಮಚ ಬೇಡ

ಇರುಳುಗುರುಡು ಬಾರದಿರಲೆಂದು ಮಕ್ಕಳಿಗೆ ಎ ಜೀವಸತ್ವದ ದ್ರಾವಣ ಕುಡಿಸುವ ಕಾರ್ಯಕ್ರಮ ನಮ್ಮ ದೇಶದಲ್ಲಿ 1970ರಲ್ಲಿ ಆರಂಭವಾಯಿತು. ಒಂಬತ್ತನೇ ತಿಂಗಳಲ್ಲಿ ದಡಾರದ ಲಸಿಕೆಯೊಡನೆ 1 ಲಕ್ಷ ಯೂನಿಟ್, ಅಂದರೆ 1 ಮಿ.ಲೀ. ಅನಂತರ ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್. ಈ ಲೆಕ್ಕದಲ್ಲಿ ಕುಡಿಸಿದರೆ ಹೆದರುವ ಕಾರಣವಿಲ್ಲ.

ಲೆಕ್ಕ ತಪ್ಪುವ ಸಂದರ್ಭಗಳೂ ಇವೆ. ಅನಮೋಡ ಗೋವಾ ಗಡಿಯ ಊರು. ಇಂಥ ಕಡೆ ದುಡಿಮೆಗೆಂದು ಘಟ್ಟ ಇಳಿದು ಹೋಗುವವರ ಮಗುವಿನ ಕಾರ್ಡು ಮನೆಯಲ್ಲೇ ಉಳಿದರೆ, ಇಲ್ಲೊಮ್ಮೆ ಅಲ್ಲೊಮ್ಮೆ ಎರಡು ಸಲ ಕುಡಿಸಿಬಿಡಬಹುದು. "ಹೆಚ್ಚು ಕುಡಿದರೆ ಕಣ್ಣಿಗೆ ಇನ್ನೂ ಒಳ್ಳೆಯದಲ್ಲವೇ ಡಾಕ್ಟ್ರೇ?" ಎಂದು ಕೇಳುವ ತಾಯಂದಿರಿದ್ದಾರೆ. ಒಳ್ಳೆಯದಲ್ಲ.

ಸಿ ಜೀವಸತ್ವ ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಎ ಹಾಗಲ್ಲ; ಅದು ಕೊಬ್ಬಿನಲ್ಲಿ ಕರಗುವಂಥದು, ಪಿತ್ತಜನಕಾಂಗದಲ್ಲಿ ಶೇಖರವಾಗುತ್ತದೆ. ರಕ್ತದಲ್ಲಿ ಅದನ್ನು ಹೊತ್ತೊಯ್ಯಲು ಒಂದು ಪ್ರೋಟೀನು ಇದೆ. ಅದರ ಹೊರೆ ಮೀರಿದಾಗ ಉಳಿದ ಎ ಜೀವಸತ್ವ ಕಾವಲಿಲ್ಲದೆ ಅಲೆದು, ಸೋಪು ಜಿಡ್ಡನ್ನು ಕರಗಿಸುವಂತೆ ಜೀವಕೋಶಗಳ ಪೊರೆಯನ್ನು ಸಡಿಲಿಸುತ್ತದೆ. ಹೀಗೆ ತಿಂಗಳುಗಟ್ಟಲೆ ನಡೆದರೆ, ಅದನ್ನು ಕೂಡಿಟ್ಟುಕೊಂಡಿದ್ದ ಪಿತ್ತಜನಕಾಂಗದ ಕೋಶಗಳೇ ಉಬ್ಬಿ, ನಾರು ನೇಯತೊಡಗುತ್ತವೆ. ಮೆತ್ತಗಿದ್ದ ಅಂಗ ಗಟ್ಟಿಯಾಗುತ್ತದೆ.

ಒಮ್ಮೆಲೇ ಹೆಚ್ಚಾದರೆ ತಲೆನೋವು, ವಾಂತಿ, ಮಂಪರು. ಹಸುಗೂಸಿನ ನೆತ್ತಿಯ ಮೆತ್ತನೆಯ ಭಾಗ ಉಬ್ಬಬಹುದು. ನಿಧಾನವಾಗಿ ಹೆಚ್ಚಾದರೆ ಚರ್ಮ ಒಣಗಿ ಸುಲಿಯುತ್ತದೆ, ಕೂದಲು ಉದುರುತ್ತದೆ, ಮೂಳೆ ನೋಯುತ್ತದೆ.

2001ರ ನವೆಂಬರ್‌ನಲ್ಲಿ ಅಸ್ಸಾಂನಲ್ಲಿ ಈ ದ್ರಾವಣ ಕುಡಿಸಿದ ಬಳಿಕ ಅನೇಕ ಮಕ್ಕಳು ಅಸ್ವಸ್ಥರಾದರು, ಸಾವುಗಳೂ ವರದಿಯಾದವು. ಎಂದಿನ 2 ಮಿ.ಲೀ. ಚಮಚದ ಬದಲು 5 ಮಿ.ಲೀ. ಹಿಡಿಸುವ ಕಪ್ ಬಳಸಿದ್ದು ವಿವಾದವಾಯಿತು. ಸಾವಿಗೆ ಔಷಧವೇ ಕಾರಣವೆಂಬುದರಲ್ಲಿ ಒಮ್ಮತ ಮೂಡಲಿಲ್ಲ. ಆದರೆ ಬಾಟಲಿಯೊಡನೆ ಬರುವ ಚಮಚವನ್ನು ಬಿಟ್ಟು ಅಡುಗೆಮನೆಯ ಚಮಚ ಹಿಡಿಯಬಾರದೆಂಬುದರಲ್ಲಿ ಎರಡು ಮಾತಿಲ್ಲ. ಕಾರ್ಡಿಲ್ಲದಿದ್ದರೆ ಹಿಂದಿನ ಸಲ ಯಾವ ತಿಂಗಳಲ್ಲಿ ಕುಡಿಸಿದ್ದೆಂದು ಆಶಾ ಕಾರ್ಯಕರ್ತೆಗೆ ತಪ್ಪದೆ ಹೇಳಿ.

ದೊಡ್ಡವರಿಗೆ ಮಿತಿ ದಿನಕ್ಕೆ 10 ಸಾವಿರ ಯೂನಿಟ್. ಮೀನೆಣ್ಣೆಯ ಗುಳಿಗೆ, ಅದರ ಮೇಲೊಂದು ಟಾನಿಕ್ ಎಂದು ಸೇರಿಸುತ್ತಾ ಹೋದರೆ ಇದನ್ನು ದಾಟುವುದು ಕಷ್ಟವಲ್ಲ. ಬಸುರಿಯರು ಇನ್ನೂ ಎಚ್ಚರದಿಂದಿರಬೇಕು. ಗರ್ಭದಲ್ಲಿ ಯಾವ ಕೋಶ ಏನಾಗಬೇಕೆಂದು ಸೂಚಿಸುವುದರಲ್ಲಿ ಈ ಜೀವಸತ್ವದ ಪಾತ್ರವಿದೆ. ಅದು ಅತಿಯಾದರೆ ಮಗುವಿನ ಹೃದಯ, ಮುಖ, ಮಿದುಳು ವಿಕಾರವಾಗಬಹುದು. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಇದೇ ಬಳಗದ್ದು. ಗೆಳತಿಗೆ ಗುಣವಾಯಿತೆಂದು ಅಂಗಡಿಯಿಂದ ತಂದು ನುಂಗುವ ಔಷಧ ಅದಲ್ಲ.

ನುಗ್ಗೆ ಸೊಪ್ಪು, ಹರಿವೆ, ಸಿಹಿಕುಂಬಳ, ಪಪ್ಪಾಯಿಗಳನ್ನು ಧಾರಾಳವಾಗಿ ತಿನ್ನಿ. ಅವುಗಳಲ್ಲಿರುವ ಕೆರೋಟಿನನ್ನು ದೇಹ ತನಗೆ ಬೇಕಾದಷ್ಟೇ ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ತೀರಾ ಹೆಚ್ಚಾದರೆ ಅಂಗೈ ಹಳದಿಯಾದೀತು, ತೊಂದರೆಯಿಲ್ಲ. ಕಣ್ಣಿನ ಬಿಳಿ ಭಾಗವೂ ಹಳದಿಯಾಗಿದ್ದರೆ ಮಾತ್ರ ಅದು ಕಾಮಾಲೆ. ಕೂಡಲೇ ವೈದ್ಯರಿಗೆ ತೋರಿಸಿ.