ಎರೆಯ ಆಯ್ಕೆ

ಎರೆ ಎಂಬ ಎರಡಕ್ಷರದ ಮಾತು ನಮ್ಮ ರಾಯಚೂರು ಸೀಮೆಯಲ್ಲಿ ಮೂರು ಕೆಲಸ ಮಾಡುತ್ತದೆ. ಒಕ್ಕಲಿಗನಿಗೆ ಎರೆಯೆಂದರೆ ಕರಿಯ ನೆಲ. ಮಳೆ ಬಿದ್ದೊಡನೆ ಮಣ್ಣಿನಿಂದ ಹೊರಬರುವ ಹುಳುವೂ ಎರೆಯೇ. ಬೆಸ್ತನಿಗೋ, ಗಾಳದ ತುದಿಗೆ ಸಿಕ್ಕಿಸುವ ತಿನಿಸು ಎರೆ. ಮೊದಲನೆಯದು ಬಣ್ಣದಿಂದ ಬಂದ ಬೇರೆ ಶಬ್ದವೆಂದು ತೋರುತ್ತದೆ. ಉಳಿದೆರಡು ಮಾತ್ರ ಒಂದೇ ಶಬ್ದ. ತಮಿಳಿನಲ್ಲಿ ಪಶುಪಕ್ಷಿಗಳ ಆಹಾರಕ್ಕೂ ಗಾಳದ ತಿನಿಸಿಗೂ ‘ಇರೈ’ ಎನ್ನುತ್ತಾರೆ. ಎರೆಹುಳುವೆಂದರೆ ಎರೆಯಾಗತಕ್ಕ ಹುಳು, ಅಷ್ಟೆ. ರೈತನ ಮಿತ್ರನೆಂದು ಪಾಠಪುಸ್ತಕಗಳು ಕೊಂಡಾಡುವ ಈ ಜಂತುವಿಗೆ ಹೆಸರಿಟ್ಟವನು ರೈತನಲ್ಲ, ಮೀನುಗಾರ.

ಹೆಸರಿಟ್ಟವನ ವಿದ್ಯೆಯ ಮಾತು ನಮ್ಮ ಸಾಹಿತ್ಯದಲ್ಲಿ ಎಷ್ಟು ಬಂದಿದೆ? ಗಾಳವೇನೋ ಧಾರಾಳವಾಗಿ ಬಂದಿದೆ. ಆದರೆ ಕವಿಗಳೂ ವೈರಾಗ್ಯ ಹೇಳಿದವರೂ ಅದನ್ನು ಕಂಡದ್ದು ಮೀನಿನ ಕಡೆಯಿಂದ. ನಾಲಗೆಯ ಚಪಲಕ್ಕೆ ಸಿಕ್ಕು ಸತ್ತದ್ದಕ್ಕೆ ಮೀನು ದೃಷ್ಟಾಂತ. ಭಾಗವತದ ಹನ್ನೊಂದನೆಯ ಸ್ಕಂಧದ ಅವಧೂತನಂತೂ ಇದೇ ಕಾರಣಕ್ಕೆ ಮೀನನ್ನು ತನ್ನ ಗುರುಗಳ ಸಾಲಿನಲ್ಲಿ ಸೇರಿಸಿಕೊಂಡ. ಆಡುಮಾತಿನಲ್ಲಿ ಸಹ ‘ಗಾಳ ಹಾಕುವುದು’ ಎಂದರೆ ಮೋಸದ ಮೊದಲ ಹೆಜ್ಜೆ. ಕೋಲಿನ ಈಚೆಯ ತುದಿಯಲ್ಲಿ ಕುಳಿತವನು ಏನನ್ನು ನೋಡಿ, ಏನನ್ನು ತೂಗಿ, ಇಂಥ ಮೀನಿಗೆ ಇಂಥದೇ ಎರೆಯೆಂದು ನಿಶ್ಚಯಿಸಿದನೆಂಬುದನ್ನು ಬರೆದಿಟ್ಟ ಹಳೆಯ ಗ್ರಂಥ ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಕನ್ನಡ ನೆಲದ ಅರಸನೊಬ್ಬ ಅದನ್ನು ಸಂಸ್ಕೃತದಲ್ಲಿ ಬರೆದಿದ್ದಾನೆ.

ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ ಹೆಸರು ಕೇಳದ ಕನ್ನಡ ವಿದ್ಯಾರ್ಥಿಯಿಲ್ಲ. ಆತ ಆರನೆಯ ವಿಕ್ರಮಾದಿತ್ಯನ ಮಗ, ೧೧೨೬ರಿಂದ ೧೧೩೮ರ ವರೆಗೆ ಆಳಿದವನು, ಸರ್ವಜ್ಞನೆಂಬ ಬಿರುದುಳ್ಳವನು. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ, ರಾಜ್ಯ ಪಡೆಯುವುದರಿಂದ ಹಿಡಿದು ಆಟಪಾಟಗಳ ವರೆಗೆ, ಅರಸನಿಗೆ ಬೇಕಾದುದನ್ನೆಲ್ಲ ಆತ ಪದ್ಯದಲ್ಲಿ ಕಟ್ಟಿದ್ದಾನೆ. ಇಡ್ಲಿ ದೋಸೆಗಳ ಪೂರ್ವಜರು ಈ ಗ್ರಂಥದಲ್ಲಿದ್ದಾರೆಂದು ನಾವು ಮೇಷ್ಟ್ರುಗಳು ತರಗತಿಯಲ್ಲಿ ಹೇಳಿ ಹುಡುಗರನ್ನು ನಗಿಸುತ್ತೇವೆ. ನಾಲ್ಕನೆಯ ವಿಂಶತಿಯ ‘ಮತ್ಸ್ಯವಿನೋದ’ದ ಬಳಿಗೆ ಹೋಗುವವರು ಕಡಿಮೆ. ಹೋದವರಲ್ಲಿ ಮುಖ್ಯನಾದವನು ಕನ್ನಡ ಪಂಡಿತನೂ ಅಲ್ಲ, ಸಂಸ್ಕೃತ ಪಂಡಿತನೂ ಅಲ್ಲ. ಸುಂದರಲಾಲ ಹೋರಾ ಎಂಬ ಪ್ರಾಣಿಶಾಸ್ತ್ರಜ್ಞ. ಆತ ೧೯೫೧ರಲ್ಲಿ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಅಧ್ಯಾಯವನ್ನು ಪರಿಶೀಲಿಸಿ ಬರೆದ.

ಸೋಮೇಶ್ವರನ ಕ್ರಮವನ್ನು ನೋಡಬೇಕು. ಆತ ಕೋಲಿನಿಂದ ತೊಡಗುವುದಿಲ್ಲ, ಮೀನಿನಿಂದ ತೊಡಗುತ್ತಾನೆ. ಸಮುದ್ರದ್ದೋ ನದಿಯದ್ದೋ, ಹುರುಪೆಯುಳ್ಳದ್ದೋ ಹುರುಪೆಯಿಲ್ಲದ್ದೋ, ದೊಡ್ಡದೋ ಸಣ್ಣದೋ ಎಂದು ಸುಮಾರು ೩೫ ಬಗೆಯ ಮೀನುಗಳನ್ನು ವಿಂಗಡಿಸಿ, ಅವುಗಳ ಆಹಾರ ಹೇಳುತ್ತಾನೆ. ಹಿಟ್ಟಿನ ಉಂಡೆಗೆ ಬರುವವು ಯಾವುವು, ಮಾಂಸ ಬೇಡುವವು ಯಾವುವು ಎಂಬ ವಿವೇಕ ಇಲ್ಲಿದೆ. ಮೊದಲು ಉಣಿಸಿ ರೂಢಿ ಮಾಡಬೇಕು, ಗಾಳ ಆಮೇಲೆ. ಹಗ್ಗ, ಕೋಲು, ಕೊಕ್ಕೆಗಳ ಮಾತು ಬರುವುದು ಇದೆಲ್ಲ ಮುಗಿದ ಮೇಲೆ. ಇಂದು ಅಂಗಡಿಗೆ ಹೋಗಿ ಮೊದಲು ಕೋಲು ಕೊಳ್ಳುವ ಹವ್ಯಾಸಿ ಈ ಅಧ್ಯಾಯದಿಂದ ಕಲಿಯತಕ್ಕದ್ದುಂಟು.

ಅರಸನಿಗೆ ಇದನ್ನು ಕಲಿಸಿದವರು ಯಾರು? ಗ್ರಂಥ ಹೇಳುವುದಿಲ್ಲ, ಮೀನುಗಳ ಹೆಸರು ಹೇಳುತ್ತವೆ. ಪಾಠೀನ, ರೋಹಿತ ಎಂಬವು ಅಮರಕೋಶ ಬಲ್ಲವರಿಗೆ ಪರಿಚಿತ. ಆದರೆ ಕಡಲ ಮೀನುಗಳಲ್ಲಿ ‘ಸೊರ’ ಎಂದೊಂದು ಬರುತ್ತದೆ. ತೆಲುಗಿನಲ್ಲಿ ಇಂದಿಗೂ ಸೊರವೆಂದರೆ ಶಾರ್ಕು. ತಮಿಳಿನ ಸುರಾ ಅದರ ಸೋದರ. ಇದು ಸಂಸ್ಕೃತದ ಉಡುಗೆ ತೊಟ್ಟ ದ್ರಾವಿಡ ಶಬ್ದ, ದೋಣಿಯವರ ಬಾಯಿಂದ ನೇರವಾಗಿ ಆಸ್ಥಾನಕ್ಕೆ ಬಂದದ್ದು. ಹೀಗಿರುವಾಗ ಅರ್ಥ ತಿಳಿಯದ ಉಳಿದ ಹೆಸರುಗಳನ್ನು ನಿಘಂಟಿನಲ್ಲಿ ಹುಡುಕಿದರೆ ಏನು ಫಲ? ಹೊಳೆಯ ದಂಡೆಯಲ್ಲಿ ಹುಡುಕಬೇಕು.

ಗುರುಗುಂಟಾದಿಂದ ಸುರಪುರದ ಹಾದಿ ಹಿಡಿದರೆ ತಿಂಥಣಿಯ ಸೇತುವೆಯಲ್ಲಿ ಕೃಷ್ಣೆ ಸಿಗುತ್ತಾಳೆ. ಪಟ್ಟಿಯನ್ನು ಬರೆದುಕೊಂಡು ನಾಲ್ಕು ಮಂದಿ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋದೆ. ಬಲೆ ಸರಿಪಡಿಸುತ್ತಿದ್ದ ವೃದ್ಧನೊಬ್ಬನಿಗೆ ಒಂದೊಂದೇ ಹೆಸರು ಓದಿ ಹೇಳಿದೆವು. ‘ಕೋವಾಕೀಯ’ ಎಂದಾಗ ಆತ ತಲೆಯೆತ್ತಿ, “ಇದು ಮೀನೋ ಮಂತ್ರನೋ, ಮಾಸ್ತರ?” ಎಂದ. ಹೆಸರು ಬಿಟ್ಟು ಲಕ್ಷಣ ಹೇಳತೊಡಗಿದ ಮೇಲೆ ದಾರಿ ತೆರೆಯಿತು. ಹುರುಪೆಯಿಲ್ಲದ ಪಾಠೀನನನ್ನು ಉದ್ದ ಮೀಸೆ, ಹರಿದ ಬಾಯಿಗಳಿಂದ ಬಾಳೆ ಮೀನೆಂದು ಆತನೇ ಗುರುತಿಸಿದ. ವಿದ್ವಾಂಸರ ಊಹೆಯೂ ಬಹುಮಟ್ಟಿಗೆ ಅದೇ.

“ಅಜ್ಜಾ, ಅದಕ್ಕ ಏನು ಎರಿ ಹಾಕತೀರಿ?”

“ಬಾಳಿಗಿ ಜೀವಂತ ಸಣ್ಣ ಮೀನ ಆಗಬೇಕು, ಇಲ್ಲಾ ಕಪ್ಪಿ. ಹಾವುಮೀನಕ್ಕ ಎರಿಹುಳ. ಹುರುಪಿ ಮೀನಕ್ಕ ಹಿಟ್ಟು, ಶೇಂಗಾ ಹಿಂಡಿ. ಹೊಟ್ಟಿ ತುಂಬಿದ ಮೀನಕ್ಕ ಮಾತ್ರ ಏನ ಹಾಕಿದರೂ ಅಷ್ಟ.”

ಒಂಬೈನೂರು ವರ್ಷಗಳ ಹಿಂದಿನ ವಿಂಗಡಣೆಯೇ ಇದು. ನಾನು ಮೀನು ತಿನ್ನುವವನಲ್ಲ. ಆದರೂ ಆ ಹೊತ್ತು ನನಗಾದ ಸಂತೋಷ, ತಾಳೆಗರಿಯ ಅಳಿಸಿಹೋದ ಸಾಲೊಂದು ಬೇರೊಂದು ಪ್ರತಿಯಲ್ಲಿ ಪೂರ್ಣವಾಗಿ ದೊರೆತಾಗ ಆಗುವಂಥದು.

ಪಟ್ಟಿಯಲ್ಲಿ ‘ಮಹಾಶೀಲ’ ಎಂದೊಂದು ಮೀನಿದೆ. ಮಹಶೀರ್ ಎಂದು ಇಂದು ಎಲ್ಲೆಡೆ ಕರೆಯುವ, ಕಾವೇರಿಯ ಬೆಸ್ತರು ಬಿಳಿಮೀನು ಎನ್ನುವ ದೊಡ್ಡ ಹುರುಪೆಯ ಮೀನು ಇದೆಂದು ಹೇಳುವವರಿದ್ದಾರೆ. ನಮ್ಮ ನದಿಗಳಲ್ಲಿ ಗಾಳದವನ ವಿದ್ಯೆಯನ್ನು ಪೂರ್ತಿ ಪರೀಕ್ಷಿಸುವ ಮೀನು ಇದು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಎಚ್. ಎಸ್. ಥಾಮಸ್ ೧೮೭೩ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕದಲ್ಲಿ, ತನ್ನ ದೇಶದ ಸಾಲ್ಮನ್ನಿಗಿಂತ ಇದೇ ಹೆಚ್ಚಿನದೆಂದು ವಾದಿಸಿದ. ಸಾಲ್ಮನ್ ಕಡಲಿನಲ್ಲಿ ಬೆಳೆದು ಮೊಟ್ಟೆಯಿಡಲು ನದಿಗೆ ಏರಿ ಬರುವ ಮೀನು. ನದಿಗೆ ಬಂದಮೇಲೆ ಅದು ಆಹಾರವನ್ನೇ ಬಿಡುತ್ತದೆ. ಉಪವಾಸದ ಮೀನಿಗೆ ಯಾವ ಎರೆ ಹಾಕುವುದು? ಹಸಿವನ್ನು ನಂಬುವಂತಿಲ್ಲ, ಸಿಟ್ಟನ್ನೋ ಕುತೂಹಲವನ್ನೋ ಕೆಣಕಬೇಕು. ಅದಕ್ಕಾಗಿಯೇ ಆ ದೇಶದವರು ಪ್ರಪಂಚದ ಯಾವ ನೊಣವನ್ನೂ ಹೋಲದ ಬಣ್ಣಬಣ್ಣದ ಗರಿಯ ನೊಣಗಳನ್ನು ಕೊಕ್ಕೆಗೆ ಕಟ್ಟಿದರು. ಹೆಸರಾದ ಅನೇಕ ನೊಣಗಳಿಗೆ ನಮ್ಮ ದಕ್ಷಿಣದ ಕಾಡುಕೋಳಿಯ ಕೊರಳ ಗರಿಯೇ ಬೇಕಾಗಿತ್ತು.

ಬಿಳಿಮೀನಿನದು ಇದಕ್ಕೆ ತೀರ ವಿರುದ್ಧವಾದ ಸ್ವಭಾವ. ಏಡಿ, ಸಣ್ಣ ಮೀನು, ದಂಡೆಯ ಮರದಿಂದ ಉದುರಿದ ಹಣ್ಣು, ದೇವಸ್ಥಾನದ ಮೆಟ್ಟಿಲಲ್ಲಿ ಭಕ್ತರು ಎಸೆದ ಮಂಡಕ್ಕಿ, ಎಲ್ಲವೂ ಅದಕ್ಕೆ ಸಮ್ಮತ. (ಶೃಂಗೇರಿಯಲ್ಲಿ ನಾವೆಲ್ಲ ಪುಣ್ಯಕ್ಕಾಗಿ ಮಾಡುವುದು, ಸೋಮೇಶ್ವರನ ವಿಧಿಯ ಮೊದಲರ್ಧ.) ಕಾವೇರಿಯವರು ಕಂಡುಕೊಂಡ ಎರೆ ರಾಗಿಯ ಉಂಡೆ. ಹಸಿ ಹಿಟ್ಟಾದರೆ ಸಣ್ಣ ಮೀನುಗಳು ಕ್ಷಣದಲ್ಲಿ ಕಿತ್ತು ತಿನ್ನುತ್ತವೆ. ಆದ್ದರಿಂದ ಗಟ್ಟಿಯಾಗಿ ನಾದಿ, ಬೇಯಿಸಿ, ನಿಂಬೆಯಷ್ಟೋ ಕಿತ್ತಳೆಯಷ್ಟೋ ಗಾತ್ರಕ್ಕೆ ಕಟ್ಟುತ್ತಾರೆ. ಗಾತ್ರವೇ ಜರಡಿ: ಸಣ್ಣ ಬಾಯಿಯವು ತಾವಾಗಿ ದೂರ ಉಳಿಯುತ್ತವೆ. ಈ ಮೀನಿನ ತುಟಿಯಲ್ಲಿ ಹಲ್ಲಿಲ್ಲ, ಗಂಟಲೊಳಗಿದೆ. ಅಲ್ಲಿ ಏಡಿಯ ಚಿಪ್ಪು ಪುಡಿಯಾಗುತ್ತದೆ, ತೆಳುವಾದ ಕೊಕ್ಕೆಯೂ ನುಗ್ಗುನುರಿಯಾಗುತ್ತದೆ. ಆದುದರಿಂದ ಕೊಕ್ಕೆ ದಪ್ಪನಾಗಿರಬೇಕು. ಗಾಳ ತಾಕಿದೊಡನೆ ಸೆಳವಿನ ಜೊತೆಗೆ ಒಂದೇ ಓಟ ಓಡುತ್ತದೆ. ನೂರು ಗಜಕ್ಕೆ ಕಡಿಮೆಯಿಲ್ಲದ ದಾರ ಸುರುಳಿಯಲ್ಲಿರಬೇಕು. ಸೀಸದ ಗುಂಡು ಕಟ್ಟಿದರೆ ಬಂಡೆಗಳ ಸಂದಿನಲ್ಲಿ ಸಿಕ್ಕಿಬೀಳುತ್ತದೆಂದು ಮೆತ್ತನೆಯ ಸೀಸದ ತಂತಿಯನ್ನು ದಾರಕ್ಕೆ ಸುತ್ತುವುದುಂಟು. ಇದರಲ್ಲಿ ಒಂದೂ ಅಲಂಕಾರವಲ್ಲ. ಮೀನಿನ ಗಂಟಲು, ನದಿಯ ತಳ, ನೀರಿನ ವೇಗ ಇವು ಕೇಳಿದ್ದಕ್ಕೆ ಕೊಟ್ಟ ಉತ್ತರ.

ಇಷ್ಟೆಲ್ಲ ತಿಳಿದವರ ಕೈಯಲ್ಲೇ ಆ ಮೀನು ಉಳಿಯಿತೇ ಎಂದರೆ, ಉತ್ತರ ಸಮಾಧಾನದ್ದಲ್ಲ. ಕಾವೇರಿಯ ಗಾಳಿಬೋರೆ ಮುಂತಾದ ಶಿಬಿರಗಳಲ್ಲಿ ಹವ್ಯಾಸಿಗಳು ಹಿಡಿದ ಮೀನನ್ನು ತೂಗಿ, ದಾಖಲೆ ಪುಸ್ತಕದಲ್ಲಿ ಬರೆದು, ಮತ್ತೆ ನೀರಿಗೆ ಬಿಡುತ್ತಿದ್ದರು. ಅಭಯಾರಣ್ಯದಲ್ಲಿ ಗಾಳದ ಬೇಟೆ ಸಲ್ಲದೆಂದು ೨೦೧೨ರ ಹೊತ್ತಿಗೆ ಅದು ನಿಂತಿತು. ಬಳಿಕ ವಿಜ್ಞಾನಿಗಳು ೧೯೯೮ರಿಂದಾಚೆಗಿನ ಆ ಪುಸ್ತಕಗಳನ್ನೇ ಓದಿ ನೋಡಿದಾಗ, ಬೆನ್ನು ಉಬ್ಬಿದ ಮೂಲದ ಮಹಶೀರ್ ವರ್ಷದಿಂದ ವರ್ಷಕ್ಕೆ ಅಪರೂಪವಾಗಿ, ಅದರ ಜಾಗವನ್ನು ನೀಲಿ ರೆಕ್ಕೆಯ ಇನ್ನೊಂದು ಆಕ್ರಮಿಸಿದ್ದು ತಿಳಿಯಿತು. ಎರಡನೆಯದು ಲೋಣಾವಳದ ಸಾಕಣೆ ಕೇಂದ್ರದಲ್ಲಿ ಬೆಳೆಸಿ ಸದುದ್ದೇಶದಿಂದ ಬಿಟ್ಟ ಮೀನು. ೧೮೩೯ರಲ್ಲಿ ಸೈಕ್ಸ್ ಪುಣೆಯ ಬಳಿಯ ಹೊಳೆಯಿಂದ ವರ್ಣಿಸಿ ‘ಖುಡ್ರಿ’ ಎಂದು ಹೆಸರಿಟ್ಟದ್ದು ಇದನ್ನೇ. ಎಂದರೆ ಅದು ನಮ್ಮ ಕೃಷ್ಣೆಯ ಬಳಗದ್ದು. ಉಬ್ಬುಬೆನ್ನಿನದಕ್ಕೋ, ನೂರೈವತ್ತು ವರ್ಷ ಗಾಳದವರು ಕೊಂಡಾಡಿದರೂ, ಇಂಥದೇ ಎಂದು ಶಾಸ್ತ್ರದ ಹೆಸರು ನಿಶ್ಚಯವಾದದ್ದು ೨೦೧೮ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು. ಹೆಸರಿಲ್ಲದ ಜೀವಿಯನ್ನು ಯಾವ ಪಟ್ಟಿಯಲ್ಲಿ ಸೇರಿಸಿ ಕಾಪಾಡುವುದು?

ಹೆಸರುಗಳ ಹುಡುಕಾಟ ನಮಗೆ ಬರಿಯ ಭಾಷಾಶಾಸ್ತ್ರದ ಚಪಲವಲ್ಲವೆಂದು ನಾನು ತಿಳಿಯುವುದು ಇದರಿಂದ. ನಾರಾಯಣಪುರದ ಅಣೆಕಟ್ಟು ೧೯೮೨ರಲ್ಲಿ ಮುಗಿದ ಮೇಲೆ ತಿಂಥಣಿಯ ಸೆಳವು ಬಾಗಿಲು ತೆರೆದವರ ಕೈಯಲ್ಲಿದೆ. ಬಲೆಗೆ ಬೀಳುವುದರಲ್ಲಿ ಬಹುಪಾಲು ಗಂಗೆಯಿಂದ ತಂದು ಬಿಟ್ಟ ರೋಹು, ಕಾಟ್ಲಾ. ಸೋಮೇಶ್ವರನ ರೋಹಿತ ಇದೇ ಆಗಿರಲಾರದು.

ಹುಡುಗರು ಈಗ ಒಂದು ದಪ್ಪ ನೋಟುಬುಕ್ಕಿಗೆ ಮೂರು ಗೆರೆ ಎಳೆದಿದ್ದಾರೆ: ಗ್ರಂಥದ ಹೆಸರು, ದಂಡೆಯ ಹೆಸರು, ಎರೆ. ಪಾಠೀನನ ಸಾಲು ಪೂರ್ತಿಯಾಗಿದೆ. ಮಹಾಶೀಲನ ಲಕ್ಷಣ ಓದಿದಾಗ ಅಜ್ಜ ಬಹಳ ಹೊತ್ತು ಸುಮ್ಮನಿದ್ದು, ಅಂಥದನ್ನು ತನ್ನ ತಂದೆ ಹಿಡಿಯುತ್ತಿದ್ದನೆಂದೂ, ಏನು ಹಾಕಿ ಹಿಡಿಯುತ್ತಿದ್ದನೆಂದು ತಾನು ಕೇಳಲಿಲ್ಲವೆಂದೂ ಹೇಳಿದ. ಆ ಸಾಲಿನ ಮೂರನೆಯ ಮನೆ ಖಾಲಿಯಿದೆ. ಮುಂದಿನ ವಾರ ಜಲದುರ್ಗದ ಕಡೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ಅಲ್ಲಿ ಇವನಿಗಿಂತ ಹಿರಿಯರು ಇಬ್ಬರಿದ್ದಾರಂತೆ.